ಕೆಂಪು ಬಟ್ಟೆ ಕಟ್ಟಿದ ದಾರಿ

"ಕಾಕಾ, ಲಗೂನ ಬಾ. ನಮ್ಮ ಪಾಳಿ ಬಂತು," ಎಂದು ಸುಮತಿ ಮಲ್ಲು ಕಾಕಾನ ಟೀ ಶರ್ಟಿನ ತುದಿ ಹಿಡಿದು ಜಗ್ಗಿದಳು.

ಅವರ ಮುಂದೆ ನಾಲ್ಕು ಚಕ್ರದ ಬೈಕೊಂದು ಗುರ್ ಗುರ್ ಎನ್ನುತ್ತ ನಿಂತಿತ್ತು. ಅದಕ್ಕೆ ಕ್ವಾಡ್ ಬೈಕ್ ಅನ್ನುತ್ತಾರೆ. ಹ್ಯಾಂಡಲ್ಲು, ಸೀಟು ಎಲ್ಲ ಮೋಟರ್ ಸೈಕಲ್ಲಿನ ಹಾಗೆಯೇ. ಚಕ್ರಗಳು ಮಾತ್ರ ಟ್ರ್ಯಾಕ್ಟರಿನ ಮರಿಗಳ ಹಾಗೆ ದಪ್ಪ ದಪ್ಪ. ಮೈತುಂಬ ಕೆಸರು ಮೆತ್ತಿಕೊಂಡಿದ್ದ ಅದನ್ನು ನೋಡಿದರೆ ಈಗಷ್ಟೇ ಹೊಂಡದಿಂದ ಎದ್ದು ಬಂದ ಎಮ್ಮೆಯ ನೆನಪಾಗುತ್ತಿತ್ತು.

ಎಷ್ಟೋ ದಿನದಿಂದ ಸುಮತಿಗೆ ಇದೇ ಧ್ಯಾನ. ಕಾಕಾನ ಸಾಫ್ಟ್‌ವೇರ್ ಕಂಪನಿಯವರು ಹೈದರಾಬಾದಿನ ಹೊರಗೆ, ಕೆರೆಯ ಪಕ್ಕದ ದೊಡ್ಡ ತೋಟವೊಂದರಲ್ಲಿ ಫ್ಯಾಮಿಲಿ ಡೇ ಇಟ್ಟುಕೊಂಡಿದ್ದರು. ಆಟ, ಊಟ, ಬಹುಮಾನ ಎಲ್ಲ ಇತ್ತು. ಸುಮತಿಗೆ ಅದ್ಯಾವುದೂ ಬೇಡ. ಕಾಕಾನ ಹಿಂದೆ ಕೂತು ಈ ಬೈಕಿನಲ್ಲಿ ಕೆಸರು ಹಾರಿಸುತ್ತ ಒಂದು ಸುತ್ತು ಹೋಗಬೇಕು. ಅಷ್ಟೇ.

ಅಷ್ಟರಲ್ಲಿ ಮೈದಾನದ ಕಡೆಯಿಂದ ಯಾರೋ ಕೂಗಿದರು. "ಮಲ್ಲಿಕಾರ್ಜುನ್, ಟಾಸ್ ಹೋಗಯಾ. ಆಜಾವ್ ಭೈ, ಬ್ಯಾಟಿಂಗ್ ಅಪನಾ ಇಚ್ ಹೈ." ಟಾಸ್ ಆಯಿತು, ಬ್ಯಾಟಿಂಗ್ ನಮ್ಮದೇ, ಬಾ ಅಂತ ಕಾಕಾನನ್ನೇ ಕರೆದಿದ್ದರು.

ಕಾಕಾ ಆ ಕಡೆ ನೋಡಿದ. ಮತ್ತೆ ಸುಮತಿಯ ಕಡೆ ನೋಡಿದ. ಆಮೇಲೆ ತಲೆ ಕೆರೆದುಕೊಂಡ. ಕಾಕಾ ತಲೆ ಕೆರೆದುಕೊಂಡನೆಂದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ.

"ನಮ್ಮ ಮ್ಯಾನೇಜರ್ ಕರ್ಯಾಕತ್ತಾರ, ಸುಮಿ. ಹೋಗ್ಲಿಲ್ಲಂದ್ರ ಚೊಲೊ ಕಾಣಂಗಿಲ್ಲ. ನೀ ಕಾಕು ಕೂಡ ಒಂದು ರೌಂಡ್ ಹೋಗಿ ಬಾ."

ಕಾಕು ಅಂದರೆ ವಿಜಯಶ್ರೀ, ಕಾಕಾನ ಹೆಂಡತಿ. ಅವರ ಮದುವೆಯಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಹಸಿರು ಬಳೆ ತುಂಬಿದ ಕೈಯಲ್ಲಿ ಮೂವರ ನೀರಿನ ಬಾಟಲಿಗಳನ್ನೂ ಹಿಡಿದುಕೊಂಡು ಅವಳು ಒಂದು ಪಕ್ಕಕ್ಕೆ ನಿಂತಿದ್ದಳು.

"ಅವರಿಗೆ ಇದನ್ನ ಹೊಡ್ಯಾಕ ಬರಂಗಿಲ್ಲ," ಎಂದಳು ಸುಮತಿ.

"ಯಾಕ ಬರಂಗಿಲ್ಲ? ಕುಷ್ಟಗಿಯೊಳಗ ಕಾಲೇಜಿಗೆ ಲೂನಾ ಹೊಡ್ಕೊಂಡು ಹೋಗ್ತಿದ್ಲು. ಹೌದಿಲ್ಲೋ ವಿಜಯಾ?" ಎಂದು ಕಾಕಾ ನಗುತ್ತ ಬಾಟಲಿಗಳನ್ನು ಇಸಕೊಂಡು ಮೈದಾನದ ಕಡೆ ಓಡಿಯೇಬಿಟ್ಟ.

ಸುಮತಿ ಅವನು ಓಡಿದ ಕಡೆಯೇ ನೋಡುತ್ತ ನಿಂತಳು.

ಸುಮತಿ ಎಲ್‌ಕೆಜಿ ಸೇರಿದಾಗಿನಿಂದ ಅಪ್ಪನ ತಮ್ಮನಾದ ಮಲ್ಲು ಕಾಕಾ ಹೈದರಾಬಾದಿನ ಕುಷಾಯಿಗೂಡದ ಅವರ ಮನೆಯಲ್ಲೇ ಇದ್ದ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಅವ್ವನಿಗೆ ಮನೆಗೆಲಸ. ಹೀಗಾಗಿ ಸುಮತಿಗೆ ಸೈಕಲ್ ಕಲಿಸಿದ್ದು, ಭಿನ್ನರಾಶಿ ತಿಳಿಸಿದ್ದು, ಭಾನುವಾರ ಉಸ್ಮಾನಿಯಾ ಬಿಸ್ಕತ್ತು ತಂದು ಚಹಾದಲ್ಲಿ ಅದ್ದಿ ತಿನ್ನುವುದನ್ನು ರೂಢಿ ಮಾಡಿದ್ದು, ಎಲ್ಲ ಕಾಕಾನೇ. ಈಗ ಅವನು ಮನೆ ಬಿಟ್ಟು ಹೋಗುತ್ತಿದ್ದ. ಅವನ ಆಫೀಸು ಊರಿನ ಆ ತುದಿಗೆ. ಕುಷಾಯಿಗೂಡದಿಂದ ಬಸ್ಸು ಹಿಡಿದು ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಅದಕ್ಕೆ ಮಿಯಾಪುರದಲ್ಲಿ, ಹೊಸದಾಗಿ ಎದ್ದ ಎತ್ತರದ ಕಟ್ಟಡದಲ್ಲಿ ಒಂದು ಫ್ಲ್ಯಾಟ್ ಹಿಡಿದಿದ್ದ. ಮುಂದಿನ ತಿಂಗಳು ಅವನೂ ಕಾಕುವೂ ಅಲ್ಲಿಗೆ ಹೋಗುವವರಿದ್ದರು. ಅವ್ವ ಆಗಲೇ ಅವರಿಗೆಂದು ಪಾತ್ರೆಗಳನ್ನು ತೆಗೆದಿಡುತ್ತಿದ್ದಳು.

ಇಷ್ಟು ವರ್ಷ ದೂರವಾಗದ ಆಫೀಸು ಈಗೇಕೆ ದೂರವಾಯಿತು? ಸುಮತಿ ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಕಾಕು ಬಂದಳು, ಅದಕ್ಕೇ ಕಾಕಾ ಹೊರಟ.

ಅವಳೇನೂ ಜಗಳ ಮಾಡಲಿಲ್ಲ. ಜಗಳ ಮಾಡಿದರೆ ಅವ್ವ ಬಿಡುತ್ತಿರಲಿಲ್ಲ. ಕಾಕು ಏನಾದರೂ ಕೇಳಿದರೆ "ಹ್ಞೂ" ಅನ್ನುವಳು, ಇಲ್ಲವೇ "ಉಹ್ಞೂ" ಅನ್ನುವಳು. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ.

ಒಮ್ಮೆ ಇಬ್ಬರೂ ಕಿರಾಣಿ ಅಂಗಡಿಗೆ ಹೋಗಿದ್ದರು. ಕಾಕುಗೆ ತೆಲುಗು ಬಾರದು. ಅವಳು "ಅವಲಕ್ಕಿ ಕೊಡ್ರಿ" ಅಂದಳು. ಅಂಗಡಿಯವನಿಗೆ ಏನು ಕೇಳಿಸಿತೋ, ಏಲಕ್ಕಿಯ ಡಬ್ಬಿ ತೆಗೆದ. ಅಲ್ಲ ಎಂದಾಗ ಅಕ್ಕಿ ತೋರಿಸಿದ. ಅದೂ ಅಲ್ಲ ಎಂದಾಗ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಲಕ್ಕಿಗೆ ಅಟುಕುಲು ಅನ್ನುತ್ತಾರೆಂದು ಸುಮತಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಚಾಕಲೇಟಿನ ಬರಣಿಗಳನ್ನು ನೋಡುತ್ತ ನಿಂತಿದ್ದಳು. ಕಾಕು ಬರಿಗೈಯಲ್ಲಿ ಮನೆಗೆ ಬಂದಳು.

"ಬಾ ಸುಮಿ, ಕೂಡು," ಎಂದಳು ಕಾಕು ಈಗ. ಅವಳು ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಹಾಕಿಕೊಂಡು ಬೈಕಿನ ಮೇಲೆ ಕೂತಾಗಿತ್ತು. ಹೆಲ್ಮೆಟ್ಟು ದೊಡ್ಡದಾಗಿ, ಅವಳ ಕುಂಕುಮ ಮುಚ್ಚಿ ಹುಬ್ಬಿನ ತನಕ ಇಳಿದಿತ್ತು.

ಸುಮತಿ ಹಿಂದೆ ಹತ್ತಿದಳು. ಕಾಕುವಿನ ಸೊಂಟ ಹಿಡಿಯಲಿಲ್ಲ. ಸೀಟಿನ ಹಿಂದಿದ್ದ ಕಬ್ಬಿಣದ ಸರಳು ಹಿಡಿದುಕೊಂಡಳು.

ಬೈಕು ನೋಡಿಕೊಳ್ಳುವವನು ಹತ್ತಿರ ಬಂದ. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದು ಕೈಸನ್ನೆಯಿಂದ ತೋರಿಸಿದ. ಆಮೇಲೆ ದೂರ ಬೆರಳು ಮಾಡಿ ಗಡಿಬಿಡಿಯಲ್ಲಿ ಹೇಳಿದ.

"ಎಡಮ ದಿಕ್ಕು ಪೋವದ್ದಮ್ಮಾ. ಎರ್ರ ಗುಡ್ಡ ಉಂದಿ ಕದಾ, ಅಕ್ಕಡ ಬುರದ ಎಕ್ಕುವ."

ಎಡಗಡೆ ಹೋಗಬೇಡಿ, ಕೆಂಪು ಬಟ್ಟೆ ಕಟ್ಟಿದ ಕಡೆ ಕೆಸರು ಬಹಳ, ಅಂತ ಅವನ ಮಾತಿನ ಅರ್ಥ. ಅಷ್ಟು ಹೇಳಿ ಅವನು ಹಿಂದಿನ ಬೈಕಿನವರ ಕಡೆ ಹೋದ.

ಕಾಕು ಸುತ್ತ ನೋಡಿದಳು. "ಗುಡ್ಡ ಅಂದ್ನಲ್ಲ, ಇಲ್ಲೆಲ್ಲೈತಿ ಗುಡ್ಡ? ಏನಂದಾ ಸುಮಿ?"

ಸುಮತಿ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಏನಿಲ್ಲ. ನಿಧಾನ ಹೋಗ್ರಿ ಅಂದಾ."

ಬೈಕು ಹೊರಟಿತು. ಮೊದಮೊದಲು ಅದು ಜಗ್ಗಿ ಜಗ್ಗಿ, ಬಿಕ್ಕಳಿಸಿದ ಹಾಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಕಾಕುಗೆ ಅದರ ಹದ ಸಿಕ್ಕಿತು. ದೊಡ್ಡ ದೊಡ್ಡ ಬಂಡೆಗಳ ಪಕ್ಕ, ಈಚಲ ಗಿಡಗಳ ಸಾಲಿನ ಪಕ್ಕ ದಾರಿ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತಿತ್ತು. ವಾರವಿಡೀ ಸುರಿದ ಮಳೆ ಎರಡು ದಿನದ ಹಿಂದೆ ಬಿಡುವು ಕೊಟ್ಟಿತ್ತು. ಗುಂಡಿಗೆ ಇಳಿದಾಗ ನೀರು ಎರಡೂ ಕಡೆ ರೆಕ್ಕೆಯ ಹಾಗೆ ಏಳುತ್ತಿತ್ತು. ಸುಮತಿಗೆ ನಗು ಬಂತು. ಕಾಕುಗೆ ಕಾಣದಂತೆ ತುಟಿ ಕಚ್ಚಿ ಅದನ್ನು ತಡೆದಳು. ಇದೇ ಹೊತ್ತಿನಲ್ಲಿ ಕಾಕಾ ಮುಂದೆ ಕೂತಿದ್ದರೆ ಅವಳು ಎಷ್ಟು ಜೋರಾಗಿ ನಗುತ್ತಿದ್ದಳು. ಅದನ್ನು ನೆನೆದು ಮತ್ತೆ ಸಿಟ್ಟು ಬಂತು.

ಕೆರೆಯ ದಂಡೆ ಹತ್ತಿರ ದಾರಿ ಎರಡಾಗಿ ಒಡೆದಿತ್ತು. ಮುಂದೆ ಹೋದ ಬೈಕುಗಳು ತಿರುವಿನಲ್ಲಿ ಮರೆಯಾಗಿದ್ದವು.

ಕಾಕು ಬೈಕು ನಿಲ್ಲಿಸಿದಳು. "ಯಾವ ಕಡೆ ಹೋಗೂಣು?"

ಎಡಗಡೆ ದಾರಿಯ ಬಾಯಲ್ಲಿ ಒಂದು ಬಿದಿರಿನ ಕೋಲು ನೆಟ್ಟಿದ್ದರು. ಅದರ ತುದಿಗೆ ಒಂದು ಕೆಂಪು ಬಟ್ಟೆ ಗಾಳಿಗೆ ಪಟಪಟ ಅನ್ನುತ್ತಿತ್ತು.

ಸುಮತಿ ಆ ಬಟ್ಟೆಯನ್ನು ನೋಡಿದಳು. ಸಿಕ್ಕಿಬೀಳಲಿ, ಎಂದುಕೊಂಡಳು. ಸ್ವಲ್ಪ ಸಿಕ್ಕಿಬೀಳಲಿ. ಬೈಕು ಹೊಡೆಯಲು ಬರುವುದಿಲ್ಲ ಅಂತ ಎಲ್ಲರಿಗೂ ಕಾಣಲಿ. ಕಾಕಾ ಬರಲಿ. ಬಂದು ಬೈಯಲಿ.

"ಎಡಕ್ಕ ಹೋಗ್ರಿ," ಎಂದಳು.

ಕಾಕು ತಿರುಗಿ ಅವಳ ಮುಖ ನೋಡಿದಳು. ಆಮೇಲೆ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದಳು.

ನೋಡಲು ಆ ದಾರಿ ಚೆನ್ನಾಗಿಯೇ ಇತ್ತು. ಬಿಸಿಲಿಗೆ ಮೇಲ್ಮಣ್ಣು ಒಣಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಆದರೆ ಮೇಲೆ ಹಪ್ಪಳ, ಒಳಗೆ ಅಂಬಲಿ. ಸ್ವಲ್ಪ ದೂರ ಹೋಗುವುದರೊಳಗೆ ಮುಂದಿನ ಚಕ್ರಗಳು ಕುಸಿದವು. ಕಾಕು ಹೆಬ್ಬೆರಳು ಒತ್ತಿದಳು. ಹಿಂದಿನ ಚಕ್ರಗಳು ಗರಗರ ತಿರುಗಿ ಕೆಸರನ್ನು ಆಕಾಶಕ್ಕೆ ತೂರಿದವು. ಒತ್ತಿದಷ್ಟೂ ಅವು ಕೂತಲ್ಲೇ ಬಾವಿ ತೋಡಿದವು. ಕೊನೆಗೆ ಗಾಡಿ ಒಂದು ಪಕ್ಕಕ್ಕೆ ವಾಲಿ, ಎರಡು ಸಲ ಕೆಮ್ಮಿ ಬಂದ್ ಆಯಿತು.

ಎಲ್ಲ ಕಡೆ ಸದ್ದಡಗಿತು. ದೂರದಲ್ಲಿ ಕ್ರಿಕೆಟ್ಟಿನವರ ಕೂಗು ಮಾತ್ರ ಸಣ್ಣಗೆ ಕೇಳುತ್ತಿತ್ತು.

"ಹೋತು," ಎಂದಳು ಕಾಕು ಮೆಲ್ಲಗೆ. ಬಟನ್ ಒತ್ತಿ ನೋಡಿದಳು. ಇಂಜಿನ್ನು ಹ್ಞಾಂ ಅನ್ನಲಿಲ್ಲ, ಹ್ಞೂಂ ಅನ್ನಲಿಲ್ಲ. ಕೈಯೆತ್ತಿ ಕೂಗಿದಳು. ಯಾರೂ ಬರಲಿಲ್ಲ.

ಸುಮತಿಗೆ ಈಗ ಹೆದರಿಕೆಯಾಯಿತು. ಸ್ವಲ್ಪ ಸಿಕ್ಕಿಬೀಳಲಿ ಅಂದುಕೊಂಡಿದ್ದಳು, ಇಷ್ಟೊಂದಲ್ಲ. ಗಾಡಿಯ ಹೊಟ್ಟೆಯೇ ಕೆಸರಿಗೆ ಅಂಟಿತ್ತು. "ನಾ ಓಡಿ ಹೋಗಿ ಕಾಕಾನ್ನ ಕರ್ಕೊಂಡು ಬರ್ತೀನಿ," ಎಂದು ಕಾಕು ಬೇಡ ಅನ್ನುವುದರೊಳಗೆ ಕೆಳಗೆ ಧುಮುಕಿದಳು.

ಕಾಲಿಗೆ ನೆಲ ಸಿಗಲೇ ಇಲ್ಲ. ಮೊಣಕಾಲು ಮುಳುಗಿತು. ತೊಡೆಯೂ ಮುಳುಗಿತು. ಒಂದು ಕಾಲು ಎತ್ತಲು ಹೋದರೆ ಇನ್ನೊಂದು ಇನ್ನಷ್ಟು ಕೆಳಗೆ ಇಳಿಯಿತು. ಕೆಸರು ತಣ್ಣಗೆ, ಬಿಗಿಯಾಗಿ, ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗಿತ್ತು.

"ಕಾಕು," ಎಂದಳು ಸುಮತಿ. "ಕಾಕು, ನನ್ನ ಕಾಲು ಬರವಲ್ದು."

"ಒದ್ಯಾಡಬ್ಯಾಡ. ಹಂಗ ನಿಂದ್ರು. ನಾ ಬಂದೆ."

ಕಾಕು ಹೆಲ್ಮೆಟ್ ಬಿಚ್ಚಿ ಸೀಟಿನ ಮೇಲಿಟ್ಟಳು. ಬೈಕು ಹಿಡಿದುಕೊಂಡೇ ಮೆಲ್ಲಗೆ ಕೆಳಗಿಳಿದಳು. ಅವಳೂ ಮೊಣಕಾಲಿನ ಮೇಲಿನ ತನಕ ಮುಳುಗಿದಳು. ಅವಳ ಮುಖದಲ್ಲೂ ಹೆದರಿಕೆ ಇತ್ತು. ಆದರೂ ಒಂದು ಕೈಯಿಂದ ಸರಳು ಹಿಡಿದು, ಇನ್ನೊಂದು ಕೈಯನ್ನು ಸುಮತಿಯ ಕಂಕುಳಿಗೆ ಹಾಕಿ ಎಳೆದಳು. ಒಂದು ಕಾಲು ಪಚಕ್ ಅಂತ ಮೇಲೆ ಬಂತು. ಇನ್ನೊಂದು ಬರಲಿಲ್ಲ.

"ಬೂಟು ಸಿಕ್ಕೊಂಡೈತಿ," ಎಂದಳು ಸುಮತಿ ಅಳುತ್ತ.

ಕಾಕು ಕೆಸರಿನೊಳಗೆ ಕೈ ಇಳಿಸಿದಳು. ಬಳೆಗಳೆಲ್ಲ ಮುಳುಗಿದವು. ಮೊಣಕೈಯೂ ಮುಳುಗಿತು. ಅವಳ ಗಲ್ಲ ಕೆಸರಿಗೆ ತಾಗುತ್ತಿತ್ತು. ಒಳಗೆ ಬೆರಳಾಡಿಸಿ ಲೇಸು ಹುಡುಕಿ ಬಿಚ್ಚಿದಳು. ಆಮೇಲೆ ಸುಮತಿಯನ್ನು ಅವುಚಿಕೊಂಡು ಒಂದೇ ಸಲ ಮೇಲಕ್ಕೆ ಎಳೆದಳು. ಕಾಲು ಬಂತು. ಬೂಟು ಅಲ್ಲೇ ಉಳಿಯಿತು. ಇಬ್ಬರೂ ಬೈಕಿನ ಸೀಟಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು.

ಏದುಸಿರು ಬಿಡುತ್ತಿದ್ದರು. ಕಾಕುವಿನ ಮಣಿಕಟ್ಟಿನಲ್ಲಿ ಬಳೆಯೊಂದು ಒಡೆದು ಸಣ್ಣಗೆ ರಕ್ತ ಬರುತ್ತಿತ್ತು. ಕೆಸರಿನ ನಡುವೆ ಒಂದು ಕೆಂಪು ಗೆರೆ.

ಸುಮತಿ ಅದನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ತಡೆಯಲಾಗಲಿಲ್ಲ.

"ಆ ಮನಷ್ಯಾ ನಿಧಾನ ಹೋಗ್ರಿ ಅಂದಿರಲಿಲ್ಲ," ಎಂದಳು. "ಎಡಕ್ಕ ಹೋಗಬ್ಯಾಡ್ರಿ ಅಂದಿದ್ದ. ತೆಲುಗಿನ್ಯಾಗ ಗುಡ್ಡ ಅಂದ್ರ ಬಟ್ಟಿ. ಕೆಂಪು ಬಟ್ಟಿ ಕಟ್ಟಿದ ಕಡೆ ರಾಡಿ ಭಾಳ ಐತಿ ಅಂತ ಹೇಳಿದ್ದ. ನಾನೇ ಸುಳ್ಳು ಹೇಳಿದೆ."

ಕಾಕು ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸಲು ಒಣಗಿದ ಜಾಗ ಓಢಣಿಯಲ್ಲಿ ಉಳಿದಿರಲಿಲ್ಲ.

"ತೆಲುಗು ನನಗ ತಿಳೀಲಿಲ್ಲ. ಕೆಂಪು ಬಟ್ಟಿ ಕಾಣ್ತಿತ್ತಲ್ಲ," ಎಂದಳು. "ಕೆಂಪು ಬಟ್ಟಿ ಕಟ್ಟಿದ್ರ ಹೋಗಬಾರ್ದು ಅನ್ನೂದು ನಮ್ಮೂರಾಗೂ ಗೊತ್ತೈತಿ."

ಸುಮತಿ ಕಣ್ಣರಳಿಸಿದಳು. "ಗೊತ್ತಿದ್ರ ಮತ್ಯಾಕ ಬಂದ್ರಿ?"

"ನೀ ಹೇಳಿದ್ಯಲ್ಲ, ಎಡಕ್ಕ ಹೋಗ್ರಿ ಅಂತ." ಕಾಕು ಕೆರೆಯ ಕಡೆ ನೋಡಿದಳು. "ನಾ ಬಂದಾಗಿಂದ ನೀ ಹ್ಞೂ, ಉಹ್ಞೂ ಬಿಟ್ಟು ನನ್ನ ಕೂಡ ಮಾತಾಡಿದ್ದಿಲ್ಲ. ಇವತ್ತ ಮಾತಾಡಿದಿ. ಹೆಂಗ ಇಲ್ಲ ಅನ್ಲಿ? ನಾಕು ಹನಿ ರಾಡಿ ಸಿಡೀತದ, ನಕ್ಕೊಂತ ಹೊಳ್ಳಿ ಬರೂಣು ಅನ್ಕೊಂಡೆ. ಇಷ್ಟು ಹುದುಲು ಐತಿ ಅಂತ ಅನಿಸಲಿಲ್ಲ. ದೊಡ್ಡಾಕಿ ನಾನು. ನಾನೇ ನಿಂದ್ರಸಬೇಕಾಗಿತ್ತು."

ಸುಮತಿ ಬೈಸಿಕೊಳ್ಳಲು ಸಿದ್ಧವಾಗಿದ್ದಳು. ಬೈಗುಳ ಬರಲಿಲ್ಲ. ಬರದೆ ಇದ್ದದ್ದೇ ಹೆಚ್ಚು ಕಷ್ಟವಾಯಿತು.

"ನೀವು ಬಂದ್ರಿ ಅಂತನ ಕಾಕಾ ಮಿಯಾಪುರಕ್ಕ ಹೊಂಟಾನ," ಎಂದಳು ತಲೆ ತಗ್ಗಿಸಿ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತು ಅದು.

ಕಾಕು ನಕ್ಕಳೋ ಏನೋ. ಸದ್ದು ಬಂತು, ಮುಖದಲ್ಲಿ ನಗು ಇರಲಿಲ್ಲ.

"ನನಗರ ಅಲ್ಲಿಗೆ ಹೋಗೂ ಮನಸೈತಿ ಅಂತ ಮಾಡೀಯೇನು? ಹೋದ ವಾರ ಫ್ಲ್ಯಾಟ್ ತೋರಿಸಾಕ ಕರ್ಕೊಂಡು ಹೋಗಿದ್ರು. ಏಳನೇ ಮಜಲಿ. ಬಾಗಿಲ ಹಾಕಿದ್ರ ಒಂದು ಕಾಗಿ ದನಿ ಸೈತ ಕೇಳಂಗಿಲ್ಲ. ಮುಂಜಾನೆ ನಿಮ್ಮ ಕಾಕಾ ಆಫೀಸಿಗೆ ಹೋದ್ರ ಕತ್ತಲಾದ ಮ್ಯಾಲೇ ಬರೂದು. ಅಲ್ಲೀ ತನಕ ನಾ ಯಾರ ಕೂಡ ಮಾತಾಡ್ಲಿ? ಅಟುಕುಲು ಅಂತ ಒಂದು ಮಾತು ಕಲಿಯೂದ್ರಾಗ ನನಗ ಸಾಕಾಗೇತಿ."

ಅಟುಕುಲು ಅನ್ನುವುದನ್ನು ಕಾಕು ಕಲಿತಿದ್ದಾಳೆ. ಯಾರನ್ನು ಕೇಳಿ ಕಲಿತಳೋ. ಸುಮತಿಯ ಕಿವಿ ಬಿಸಿಯಾಯಿತು.

"ಇಲ್ಲಿ ನಿಮ್ಮವ್ವ ಅದಾರ. ಅಡಗಿ ಮನ್ಯಾಗ ಕುಂತು ಇಬ್ರೂ ಮಾತಾಡ್ತೀವಿ. ಊರಾಗ ಇದ್ದಂಗ ಅನಸ್ತೈತಿ," ಎಂದಳು ಕಾಕು. "ಹೋಗೂದು ಬ್ಯಾಡ ಅಂತ ಹೇಳಾಕೂ ಆಗಂಗಿಲ್ಲ. ದಿನಾ ಆ ಬಸ್ಸಿನ್ಯಾಗ ನಿಂತು ನಿಂತು ಅವರ ಕಾಲು ಬಾತು ಹೋಗ್ಯಾವು. ರಾತ್ರಿ ನೋಡಿದ್ರ ಕೆಡಕ ಅನಸ್ತೈತಿ."

ಕಾಕಾನ ಕಾಲು ಬಾತಿರುವುದು ಸುಮತಿಗೆ ಗೊತ್ತೇ ಇರಲಿಲ್ಲ. ಅವನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಒಂದು ಬಿಳಿ ಕೊಕ್ಕರೆ ಹಾರಿ ಬಂದು ಅವರ ಎದುರಿಗೇ ಕೆಸರಿನಲ್ಲಿ ಇಳಿಯಿತು. ಉದ್ದ ಕಾಲು ಎತ್ತಿ ಎತ್ತಿ ಇಡುತ್ತ ಆರಾಮಾಗಿ ನಡೆದು ಹೋಯಿತು.

"ನೋಡು, ಅದಕ್ಕೆಷ್ಟು ಸಲೀಸು," ಎಂದಳು ಕಾಕು.

ಸುಮತಿಗೆ ನಗು ಬಂತು. ಈ ಸಲ ತುಟಿ ಕಚ್ಚಿಕೊಳ್ಳಲು ಮರೆತೇ ಹೋಯಿತು. ಕಾಕುವೂ ನಕ್ಕಳು. ನಗುವಾಗ ಅವಳ ಮೂಗಿನ ಮೇಲಿದ್ದ ಕೆಸರು ಉದುರಿ ಬಿತ್ತು. ಅದನ್ನು ನೋಡಿ ಮತ್ತೂ ನಗು ಬಂತು.

ಆಗ ತಿರುವಿನಲ್ಲಿ ಬೈಕಿನ ಸದ್ದು ಕೇಳಿಸಿತು.

ಇವರ ಬೈಕು ಇನ್ನೂ ತಿರುಗಿ ಬರಲಿಲ್ಲವೆಂದು ಹುಡುಕುತ್ತ, ಹಗ್ಗ ಹಿಡಿದುಕೊಂಡು ಇಬ್ಬರು ಕೆಲಸಗಾರರು ಇನ್ನೊಂದು ಕ್ವಾಡ್ ಬೈಕಿನಲ್ಲಿ ಬಂದರು. ಹಿಂದೆಯೇ ಮಲ್ಲು ಕಾಕಾ ಬ್ಯಾಟು ಹಿಡಿದೇ ಓಡಿ ಬಂದ. ಅವನ ಹಿಂದೆ ಆಫೀಸಿನ ಮೂರು ನಾಲ್ಕು ಜನ. ಒಬ್ಬನ ಕೈಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ಇತ್ತು. "ಸ್ಮೈಲ್ ಪ್ಲೀಸ್" ಎಂದು ಅವನು ಫೋಟೊ ಹೊಡೆದ. ಉಳಿದವರು ನಕ್ಕರು.

ಕಾಕಾ ನಗಲಿಲ್ಲ. ಹೆದರಿಕೆಗೆ ಅವನ ಮುಖ ಬಿಳಿಚಿಕೊಂಡಿತ್ತು.

"ಪೆಟ್ಟಾಗೇತೇನು ಸುಮಿ? ಇಲ್ಲಲ್ಲ?" ಎಂದ. ಆಮೇಲೆ ಕಾಕುವಿನ ಕಡೆ ತಿರುಗಿದ. "ನಿನಗ ಕಣ್ಣು ಕಾಣಂಗಿಲ್ಲೇನು ವಿಜಯಾ? ಅಷ್ಟು ದೊಡ್ಡ ಕೆಂಪು ಬಟ್ಟಿ ಕಟ್ಟ್ಯಾರ. ಸಣ್ಣ ಹುಡುಗೀನ್ನ ಕರ್ಕೊಂಡು ಇಲ್ಲಿ ಬರ್ತಾರೇನು? ಏನಾರ ಆಗಿದ್ರ ಅಣ್ಣಗ ಏನಂತ ಹೇಳಬೇಕಿತ್ತು ನಾನು?"

ನಗುತ್ತಿದ್ದವರು ಸುಮ್ಮನಾದರು. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ.

ಕಾಕು ತಲೆ ಬಗ್ಗಿಸಿದಳು. "ನೋಡ್ಲಿಲ್ರಿ. ತಪ್ಪಾತು."

ಸುಮತಿ ಬೇಕೆಂದುಕೊಂಡಿದ್ದೆಲ್ಲ ಈಗ ಅವಳ ಎದುರಿಗೇ ನಡೆದಿತ್ತು. ಬೈಕು ಸಿಕ್ಕಿಬಿದ್ದಿತ್ತು. ಎಲ್ಲರೂ ನೋಡಿದ್ದರು. ಕಾಕಾ ಬಂದು ಬೈದಿದ್ದ. ಆದರೆ ಅವಳಿಗೆ ಕಾಣುತ್ತಿದ್ದದ್ದು ಒಂದೇ. ಕಾಕು ರಕ್ತ ಬರುತ್ತಿದ್ದ ಕೈಯನ್ನು ಓಢಣಿಯ ಕೆಳಗೆ ಸರಿಸಿ ಮುಚ್ಚಿಕೊಂಡಿದ್ದಳು.

"ಕಾಕಾ, ಕಾಕುಗ ಬೈಯಬ್ಯಾಡ," ಎಂದಳು ಸುಮತಿ. "ಎಡಕ್ಕ ಹೋಗ್ರಿ ಅಂದಾಕಿ ನಾನು. ಹೋಗಬ್ಯಾಡ್ರಿ ಅಂತ ಬೈಕಿನವರು ತೆಲುಗಿನ್ಯಾಗ ಹೇಳಿದ್ದು ನನಗ ತಿಳಿದಿತ್ತು. ನಾ ಬೇಕಂತನ ಮುಚ್ಚಿಟ್ಟೆ."

ಕಾಕಾ ಅವಳನ್ನೇ ನೋಡಿದ. "ಬೇಕಂತ? ಯಾಕ?"

ಸುಮತಿಯ ಹತ್ತಿರ ಉತ್ತರವಿತ್ತು, ಆದರೆ ಅದು ಇಷ್ಟು ಜನರ ಎದುರಿಗೆ ಹೇಳುವಂಥದ್ದಲ್ಲ. ಅವಳ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಕೆಸರಿನಲ್ಲಿ ಎರಡು ಕಾಲುವೆ ಮಾಡಿತು.

"ಇರ್ಲಿ ಬಿಡ್ರಿ," ಎಂದಳು ಕಾಕು. "ಇಬ್ರೂ ಕೂಡೇ ಬಂದ್ವಿ, ಇಬ್ರೂ ಕೂಡೇ ಸಿಕ್ಕೊಂಡ್ವಿ. ಮೊದ್ಲ ಕೂಸಿನ್ನ ಎತ್ಕೋರಿ. ಒಂದು ಬೂಟು ರಾಡ್ಯಾಗ ಹೋಗೇತಿ."

ಕೆಲಸಗಾರರು ಎರಡು ಹಲಗೆ ಹಾಕಿದರು. ಕಾಕಾ ಬಂದು ಸುಮತಿಯನ್ನು ಎತ್ತಿ ದಂಡೆಗೆ ಬಿಟ್ಟ. ತಿರುಗಿ ಹೋಗಿ ಕಾಕುಗೆ ಕೈ ಕೊಟ್ಟ. ಆಗ ಅವಳ ಮಣಿಕಟ್ಟು ಅವನಿಗೆ ಕಂಡಿತು. ಜೇಬಿನಿಂದ ಕರ್ಚೀಫು ತೆಗೆದು ಅಲ್ಲೇ, ಹಲಗೆಯ ಮೇಲೇ ನಿಂತು ಗಾಯಕ್ಕೆ ಕಟ್ಟಿದ. ಅವನ ಕಿವಿಯ ತುದಿ ಕೆಂಪಗಾಗಿದ್ದನ್ನು ಸುಮತಿ ನೋಡಿದಳು.

ಹಗ್ಗ ಕಟ್ಟಿ ಮುಂದಿನ ಬೈಕಿನಿಂದ ಜಗ್ಗಿದರು. ಆಫೀಸಿನವರೂ ಕೈ ಹಚ್ಚಿದರು. ಮೊದಲ ಸಲ ಗಾಡಿ ಅಲುಗಾಡಲಿಲ್ಲ. ಎರಡನೆಯ ಸಲ ಹಗ್ಗವೇ ಜಾರಿತು. ಕೊನೆಗೆ ಅದು ದೊಡ್ಡದೊಂದು ಮುತ್ತು ಕೊಟ್ಟ ಸದ್ದು ಮಾಡಿ ಹೊರಗೆ ಬಂತು. ಬರುವಾಗ ಚಕ್ರದಿಂದ ಹಾರಿದ ಕೆಸರು ನೇರವಾಗಿ ಮಲ್ಲು ಕಾಕಾನ ಬಿಳಿ ಟೀ ಶರ್ಟಿನ ಮೇಲೆ, ಕಂಪನಿಯ ಹೆಸರಿನ ಮೇಲೆಯೇ ಬಿತ್ತು. ಕ್ಯಾಮೆರಾದವನು ಈ ಸಲ ಬಿಡಲಿಲ್ಲ.

"ಈಗ ಮೂರೂ ಜನ ಒಂದೇ ಬಣ್ಣ ಆದ್ವಿ," ಎಂದಳು ಕಾಕು. ಕಾಕಾ ನಗಬಾರದು ಅಂತ ಬಹಳ ಪ್ರಯತ್ನ ಮಾಡಿದ. ಆಗಲಿಲ್ಲ.

ತೋಟದ ಪಂಪಿನ ಹತ್ತಿರ ಕಾಕು ಸುಮತಿಯ ಕೈಕಾಲು ತೊಳೆದಳು. ಬೆರಳ ಸಂದಿಯ ಕೆಸರನ್ನೂ ಬಿಡಲಿಲ್ಲ. ತೊಳೆಸಿಕೊಳ್ಳುತ್ತ ಸುಮತಿ ಕೇಳದೆಯೇ ಹೇಳಿದಳು. "ತೆಲುಗಿನ್ಯಾಗ ರಾಡಿಗೆ ಬುರದ ಅಂತಾರ."

"ಬುರದ," ಎಂದಳು ಕಾಕು.

"ನೀರಿಗೆ ನೀಳ್ಳು."

"ನೀಳ್ಳು. ಇದು ಸಲೀಸೈತಿ."

"ಮಿಯಾಪುರದಾಗ ಆಟೋದವ ರೊಕ್ಕ ಜಾಸ್ತಿ ಕೇಳಿದ್ರ ಎಕ್ಕುವ ಅನ್ರಿ. ಎಕ್ಕುವ ಅಂದ್ರ ಜಾಸ್ತಿ." ಮಿಯಾಪುರ ಅನ್ನುವ ಹೆಸರನ್ನು ತಾನೇ ಬಾಯಿಬಿಟ್ಟು ಹೇಳಿದ್ದು ಸುಮತಿಗೇ ಆಶ್ಚರ್ಯವಾಯಿತು.

ಸಂಜೆ ಕಂಪನಿಯ ಬಸ್ಸು ಊರಿನ ಕಡೆ ಹೊರಟಿತು. ಮುಂದಿನ ಸೀಟುಗಳಲ್ಲಿ ಅಂತ್ಯಾಕ್ಷರಿ ಶುರುವಾಗಿತ್ತು. ಹಿಂದಿನ ಸಾಲಿನಲ್ಲಿ ಸುಮತಿ ಮತ್ತು ಕಾಕು ಕೂತಿದ್ದರು. ಪಕ್ಕದ ಸಾಲಿನಲ್ಲಿ ಕಾಕಾ ಇದ್ದ. ದಾರಿಯುದ್ದಕ್ಕೂ ಅರ್ಧ ಕಟ್ಟಿದ ಮಹಡಿಗಳು ಸರಿದು ಹೋಗುತ್ತಿದ್ದವು. ಒಂದೊಂದರ ಮೇಲೂ ಸಾಲು ಸಾಲು ಖಾಲಿ ಕಿಟಕಿ. ಸುಮತಿ ಏಳನೆಯ ಮಹಡಿ ಎಲ್ಲಿಗೆ ಬರುತ್ತದೆ ಎಂದು ತಲೆಯೆತ್ತಿ ನೋಡಿದಳು. ಬಹಳ ಎತ್ತರವಿತ್ತು. ಅಲ್ಲಿ ನಿಂತವರಿಗೆ ಕೆಳಗೆ ಹೋಗುವವರ ಮುಖ ಕಾಣುವ ಹಾಗಿರಲಿಲ್ಲ.

ಏನೋ ಭಾರವಾಯಿತೆಂದು ತಿರುಗಿದಳು. ಕಾಕು ನಿದ್ದೆ ಹೋಗಿದ್ದಳು. ಅವಳ ತಲೆ ಮೆಲ್ಲ ಮೆಲ್ಲಗೆ ಜಾರಿ ಸುಮತಿಯ ಹೆಗಲ ಮೇಲೆ ಬಂದು ನಿಂತಿತ್ತು. ಕೂದಲಲ್ಲಿ ಇನ್ನೂ ಕೆರೆಯ ಮಣ್ಣಿನ ವಾಸನೆ ಇತ್ತು. ನಿದ್ದೆಯಲ್ಲಿ ಅವಳು ಅಷ್ಟೇನೂ ದೊಡ್ಡವಳ ಹಾಗೆ ಕಾಣುತ್ತಿರಲಿಲ್ಲ.

"ಸುಮಿ," ಎಂದು ಕಾಕಾ ಆ ಕಡೆಯಿಂದ ಮೆಲ್ಲಗೆ ಕರೆದ. ತನ್ನ ಪಕ್ಕದ ಖಾಲಿ ಜಾಗವನ್ನು ತಟ್ಟಿ ತೋರಿಸಿದ. "ಬಾ ಇಲ್ಲಿ. ಕಿಡಕಿ ಕಡೆ ಕೂಡುವಂತಿ."

ಸುಮತಿ ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು.

ಬಸ್ಸು ಒಂದು ಉಬ್ಬಿನ ಮೇಲೆ ಹತ್ತಿ ಇಳಿಯಿತು. ಅವಳು ಹೆಗಲು ಅಲುಗದಂತೆ ಎದುರಿನ ಸೀಟಿಗೆ ಕಾಲು ಒತ್ತಿ ಹಿಡಿದು ಕೂತಳು.